ಕೆಟ್ಟ ರೇಡಿಯೊಗೂ ಒಂದು ಬಹುಮಾನವಿರಲಿ



ವಿಜ್ಞಾನ ವಸ್ತುಪ್ರದರ್ಶನ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಥರ್ಮಾಕೋಲಿನ ಅಣೆಕಟ್ಟು, ಅಡುಗೆ ಸೋಡಕ್ಕೆ ವಿನೆಗರ್ ಸುರಿದ ಜ್ವಾಲಾಮುಖಿ, ಬಣ್ಣ ಬಳಿದ ಚೆಂಡುಗಳ ಸೌರವ್ಯೂಹ, ಮಳೆನೀರು ಕೊಯ್ಲು ತೋರಿಸುವ ಪುಟ್ಟ ಮನೆ. ಇವೆಲ್ಲ ಚೆನ್ನಾಗಿಯೇ ಇರುತ್ತವೆ. ಅವನ್ನು ಹಳಿಯಲು ನಾನು ಈ ಲೇಖನ ಬರೆಯುತ್ತಿಲ್ಲ. ಆದರೆ ಅನೇಕ ಪ್ರದರ್ಶನಗಳಲ್ಲಿ ತೀರ್ಪುಗಾರನಾಗಿ ಕುಳಿತ ನಾನು ಒಮ್ಮೆ ಒಂದು ತಪ್ಪು ಮಾಡಿದೆ. ಅದನ್ನು ನಿಮಗೆ ಹೇಳಲೇಬೇಕು.

ಆ ದಿನ ಏಳನೆಯ ತರಗತಿಯ ಒಬ್ಬ ಹುಡುಗಿ ತನ್ನ ಮೇಜಿನ ಮೇಲೆ ಒಂದೇ ಒಂದು ಹಳೆಯ ರೇಡಿಯೊ ಇಟ್ಟುಕೊಂಡು ನಿಂತಿದ್ದಳು. ಬಣ್ಣದ ಕಾಗದವಿಲ್ಲ, ಫಲಕವಿಲ್ಲ. ಪಕ್ಕದಲ್ಲಿ ಒಂದು ನೋಟ್ ಪುಸ್ತಕ ಮಾತ್ರ. ಅದು ಅವಳ ತಾತನ ರೇಡಿಯೊ, ಎರಡು ಸೆಲ್ ಹಾಕುವಂಥದ್ದು. ಹಲವು ತಿಂಗಳಿಂದ ಮಾತು ನಿಲ್ಲಿಸಿತ್ತಂತೆ. ಹೊಸ ಸೆಲ್ ಹಾಕಿದರೂ ಉಸಿರಿಲ್ಲ. ಗುಜರಿಯವನಿಗೆ ಕೊಡೋಣ ಎಂದು ಮನೆಯವರು ನಿರ್ಧರಿಸಿದ್ದರು. ಇವಳು ಬಿಡಲಿಲ್ಲ.

ಅವಳ ಪುಸ್ತಕದಲ್ಲಿ ಏನಿತ್ತು ಗೊತ್ತೆ? ಮೊದಲನೆಯ ಊಹೆ: ಸ್ಪೀಕರಿನ ಕಾಗದ ಹರಿದಿದೆ, ಆದ್ದರಿಂದ ಸ್ಪೀಕರ್ ಕೆಟ್ಟಿರಬೇಕು. ಪರೀಕ್ಷೆ: ರೇಡಿಯೊದ ಸೆಲ್ ತೆಗೆದು, ಒಂದು ಸೆಲ್ಲಿನ ಎರಡು ತಂತಿಗಳನ್ನು ಸ್ಪೀಕರಿನ ಎರಡು ತುದಿಗೆ ಒಂದು ಕ್ಷಣ ಮುಟ್ಟಿಸಿದಳು. 'ಟಕ್' ಎಂದಿತು. ಅಂದರೆ ಸ್ಪೀಕರಿಗೆ ಜೀವವಿದೆ, ಊಹೆ ತಪ್ಪು. ಎರಡನೆಯ ಊಹೆ: ಸೆಲ್ ಕೂರುವ ಜಾಗದ ಸ್ಪ್ರಿಂಗಿನ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದೆ, ವಿದ್ಯುತ್ತು ದಾಟುತ್ತಿಲ್ಲ. ಪರೀಕ್ಷೆ: ಉಪ್ಪುಕಾಗದದಿಂದ ಉಜ್ಜಿದಳು. ರೇಡಿಯೊ ಗರಗರ ಎಂದು ಮಾತಾಡಿತು, ಆದರೆ ತಟ್ಟಿದರೆ ಬರುತ್ತಿತ್ತು, ಇಟ್ಟರೆ ನಿಲ್ಲುತ್ತಿತ್ತು. ಮೂರನೆಯ ಊಹೆ: ಒಳಗೆ ಎಲ್ಲೋ ಸಡಿಲವಾಗಿದೆ. ತನ್ನ ವಿಜ್ಞಾನದ ಮೇಷ್ಟ್ರ ಎದುರಿಗೆ ತಿರುಪು ಬಿಚ್ಚಿ, ಭೂತಗನ್ನಡಿ ಹಿಡಿದು ಒಂದೊಂದೇ ಬೆಸುಗೆ ನೋಡಿದಳು. ಸೆಲ್ಲಿನಿಂದ ಬರುವ ಕೆಂಪು ತಂತಿ ಬೋರ್ಡಿಗೆ ಸೇರುವ ಜಾಗದಲ್ಲಿ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಸಣ್ಣ ಬಿರುಕಿನ ಉಂಗುರ! ಬೆಂಕಿಕಡ್ಡಿಯಿಂದ ತಂತಿಯನ್ನು ಅಲ್ಲಾಡಿಸಿದರೆ ಮಾತು ಬಂದು ಹೋಗುತ್ತಿತ್ತು. ಸಂತೆಬೀದಿಯ ರಿಪೇರಿ ಅಂಗಡಿಯವರು ಅಲ್ಲಿ ಐರನ್ ಮುಟ್ಟಿಸಿ ಸರಿ ಮಾಡಿಕೊಟ್ಟರು.

ನಾನು ಕೇಳಿದೆ, "ಇದರಲ್ಲಿ ನೀನು ಮಾಡಿದ್ದು ಏನಮ್ಮ? ಬೆಸುಗೆ ಹಾಕಿದ್ದು ಅಂಗಡಿಯವರಲ್ಲವಾ?"

"ಎಲ್ಲಿ ಹಾಕಬೇಕು ಅಂತ ನಾನು ತೋರಿಸಿದೆ ಸಾರ್" ಎಂದಳು.

ನಾನು ನಕ್ಕು ಮುಂದಿನ ಮೇಜಿಗೆ ಹೋದೆ. ನನ್ನ ಕೈಯಲ್ಲಿದ್ದ ಹಾಳೆಯಲ್ಲಿ 'ಹೊಸತನ' ಎಂಬ ಕಲಮಿತ್ತು. ಅದಕ್ಕೆ ಹತ್ತರಲ್ಲಿ ಎರಡು ಅಂಕ ಕೊಟ್ಟೆ. 'ಮಾದರಿಯ ಅಂದ' ಎಂಬ ಕಲಮಿಗೂ ಎರಡು. ಮೊದಲ ಬಹುಮಾನ ಹೊಗೆ ಬರುವ ಒಂದು ಜ್ವಾಲಾಮುಖಿಗೆ ಹೋಯಿತು. ಅದನ್ನು ಮಾಡಿದ್ದು ಬಹುಪಾಲು ಆ ಹುಡುಗನ ಅಣ್ಣ ಎಂಬುದು ನಮಗೆಲ್ಲ ಗೊತ್ತಿತ್ತು. ಮುಂದಿನ ವರ್ಷ ಆ ಹುಡುಗಿಯ ಶಾಲೆಯಿಂದ ರೇಡಿಯೊ ಬರಲಿಲ್ಲ. ಒಂದು ಜ್ವಾಲಾಮುಖಿ ಬಂದಿತ್ತು.

ಅದನ್ನು ನೋಡಿದಾಗ ನನಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ನಾವು ನಿಮಗೆ ಪಾಠದಲ್ಲಿ ಹೇಳುವುದೇನು? ಗಮನಿಸು, ಊಹಿಸು, ಪರೀಕ್ಷಿಸು, ಊಹೆ ತಪ್ಪಾದರೆ ಬಿಟ್ಟು ಬೇರೆ ಊಹಿಸು. ಇಡೀ ಸಭಾಂಗಣದಲ್ಲಿ ಇದನ್ನು ನಿಜವಾಗಿ ಮಾಡಿದ್ದವಳು ಅವಳೊಬ್ಬಳೇ. ಜ್ವಾಲಾಮುಖಿ ಮಾಡುವವನಿಗೆ ಹೊಗೆ ಬರುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ. ಕೆಟ್ಟ ರೇಡಿಯೊ ಬಿಚ್ಚುವವನಿಗೆ ಒಳಗೆ ಏನಿದೆಯೋ ಗೊತ್ತಿರುವುದಿಲ್ಲ. ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ: ಕೆಟ್ಟ ವಸ್ತುವಿನ ದೋಷವನ್ನು ಹುಡುಕುವುದು ವಿಜ್ಞಾನವೇ. ಅದಕ್ಕೆ ಪ್ರತಿ ಶಾಲೆಯಲ್ಲೂ ಒಂದು ಮೇಜು, ಪ್ರತಿ ಪ್ರದರ್ಶನದಲ್ಲೂ ಒಂದು ಬಹುಮಾನ ಇರಬೇಕು.

ಇದು ನನ್ನೊಬ್ಬನ ಹುಚ್ಚು ಎಂದುಕೊಳ್ಳಬೇಡಿ. ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಹೆಸರು ಕೇಳಿದ್ದೀರಾ? 1918ರಲ್ಲಿ ಹುಟ್ಟಿದ ಅವರು 1965ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಹುಡುಗನಾಗಿದ್ದಾಗ ಅವರು ಊರಿನವರ ರೇಡಿಯೊಗಳನ್ನು ರಿಪೇರಿ ಮಾಡುತ್ತಿದ್ದರು. ಆಗ ರೇಡಿಯೊಗಳಲ್ಲಿ ಟ್ರಾನ್ಸಿಸ್ಟರ್ ಇರಲಿಲ್ಲ. ಅದನ್ನು ಕಂಡುಹಿಡಿದದ್ದೇ 1947ರಲ್ಲಿ. ಬಲ್ಬಿನಂತೆ ಬಿಸಿಯಾಗಿ ಹೊಳೆಯುವ ಕವಾಟಗಳು, ಅಂದರೆ ವಾಲ್ವ್‌ಗಳು ಇರುತ್ತಿದ್ದವು. ಒಬ್ಬರ ರೇಡಿಯೊ ಹಾಕಿದ ಕೂಡಲೇ ಭಯಂಕರವಾಗಿ ಅರಚಿ, ಸ್ವಲ್ಪ ಹೊತ್ತಿನ ನಂತರ ಸರಿಯಾಗುತ್ತಿತ್ತಂತೆ. ಹುಡುಗ ಫೈನ್‌ಮನ್ ಅದನ್ನು ಬಿಚ್ಚಲೇ ಇಲ್ಲ. ಕೋಣೆಯಲ್ಲಿ ಅತ್ತಿಂದಿತ್ತ ನಡೆಯತೊಡಗಿದ. ರೇಡಿಯೊದವರಿಗೆ ಸಿಟ್ಟು ಬಂತು, ಈ ಹುಡುಗ ಏನು ಮಾಡುತ್ತಿದ್ದಾನೆ ಎಂದು. ಅವನು ಯೋಚಿಸುತ್ತಿದ್ದ! ಮೊದಲು ಅರಚಿ ಆಮೇಲೆ ಸರಿಯಾಗುತ್ತದೆ ಎಂದರೆ ಕಾಲ ಕಳೆದಂತೆ ಏನೋ ಬದಲಾಗುತ್ತಿದೆ. ಏನು? ವಾಲ್ವ್‌ಗಳು ಬಿಸಿಯಾಗುತ್ತಿವೆ. ಅವು ತಪ್ಪು ಕ್ರಮದಲ್ಲಿ ಬಿಸಿಯಾಗುತ್ತಿದ್ದರೆ? ವಾಲ್ವ್‌ಗಳ ಸ್ಥಾನವನ್ನು ಅದಲು ಬದಲು ಮಾಡಿ ಹಾಕಿದ. ರೇಡಿಯೊ ಸದ್ದಿಲ್ಲದೆ ಶುರುವಾಯಿತು.

ನಾನಂತೂ ಫೈನ್‌ಮನ್ ಅಲ್ಲ. ಎಂ.ಎಸ್ಸಿ. ಮುಗಿಸಿ ಬಂದ ನನಗೆ ಟ್ರಾನ್ಸಿಸ್ಟರಿನ ಸಮೀಕರಣಗಳೆಲ್ಲ ಬರುತ್ತಿದ್ದವು, ಆದರೆ ಕೆಟ್ಟ ಟೇಪ್ ರೆಕಾರ್ಡರ್ ಎದುರಿಗಿಟ್ಟರೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಅದನ್ನು ನನಗೆ ಕಲಿಸಿದವರು ಬಸ್ ನಿಲ್ದಾಣದ ಹತ್ತಿರ ಪುಟ್ಟ ಅಂಗಡಿ ಇಟ್ಟಿದ್ದ ಒಬ್ಬ ರಿಪೇರಿಯವರು. ಅವರು ಓದಿದ್ದು ಎಂಟನೆಯ ತರಗತಿಯವರೆಗೆ. "ಮೊದಲು ಕಣ್ಣು, ಆಮೇಲೆ ಮೂಗು, ಕೊನೆಗೆ ಮೀಟರು ಸಾರ್. ನೀವು ಮೀಟರಿನಿಂದ ಶುರು ಮಾಡ್ತೀರ" ಎಂದು ನನ್ನನ್ನು ಗದರಿದ್ದರು. ಅವರು ತೋರಿಸಿದ್ದನ್ನೇ ಈಗ ನಿಮಗೆ ತೋರಿಸುತ್ತೇನೆ.

ಹಳೆಯ ರೇಡಿಯೊದ ಬೋರ್ಡನ್ನು ನೋಡಿ. ಒಂದು ಕಡೆ ತಾಮ್ರದ ದಾರಿಗಳು, ಇನ್ನೊಂದು ಕಡೆ ಬಣ್ಣಬಣ್ಣದ ಭಾಗಗಳು. ಚಿಕ್ಕ ಪಟ್ಟೆಪಟ್ಟೆಯ ಕಡ್ಡಿಗಳು ರೋಧಕಗಳು. ಅಂಗಡಿಯವರು ಅವನ್ನು ರೆಸಿಸ್ಟೆನ್ಸ್ ಎನ್ನುತ್ತಾರೆ. ಪಟ್ಟೆಗಳು ಅಲಂಕಾರಕ್ಕಲ್ಲ, ಅಂಕಿಗಳು. ಕಪ್ಪು 0, ಕಂದು 1, ಕೆಂಪು 2, ಕಿತ್ತಳೆ 3, ಹಳದಿ 4, ಹಸಿರು 5, ನೀಲಿ 6, ನೇರಳೆ 7, ಬೂದು 8, ಬಿಳಿ 9. ಮೊದಲ ಎರಡು ಪಟ್ಟೆ ಎರಡು ಅಂಕಿ, ಮೂರನೆಯದು ಮುಂದೆ ಎಷ್ಟು ಸೊನ್ನೆ ಎಂಬುದು. ಹಳದಿ, ನೇರಳೆ, ಕೆಂಪು ಎಂದರೆ 4, 7, ಎರಡು ಸೊನ್ನೆ, ಅಂದರೆ 4700 ಓಮ್. ಕೊನೆಯಲ್ಲಿ ಚಿನ್ನದ ಬಣ್ಣವಿದ್ದರೆ ನಿಜವಾದ ಬೆಲೆ ನೂರಕ್ಕೆ ಐದರಷ್ಟು ಹೆಚ್ಚು ಅಥವಾ ಕಡಿಮೆ ಇರಬಹುದು.

ರೋಧಕ ಸುಟ್ಟರೆ ಪಟ್ಟೆ ಕಪ್ಪಾಗುತ್ತದೆ, ಬೋರ್ಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮೂಗಿಗೂ ತಿಳಿಯುತ್ತದೆ. ಆದರೆ ಇಲ್ಲೊಂದು ಎಚ್ಚರ ಬೇಕು. ಸುಟ್ಟದ್ದೇ ಅಪರಾಧಿ ಎಂದು ತೀರ್ಮಾನಿಸಬೇಡಿ! ಮುಂದಿನ ಟ್ರಾನ್ಸಿಸ್ಟರ್ ಒಳಗೆ ಕೂಡಿಕೊಂಡು ವಿಪರೀತ ವಿದ್ಯುತ್ತನ್ನು ಎಳೆದದ್ದರಿಂದ ಪಾಪದ ರೋಧಕ ಸುಟ್ಟಿರಬಹುದು. ಅದನ್ನಷ್ಟೇ ಬದಲಿಸಿದರೆ ಹೊಸದೂ ಸುಡುತ್ತದೆ. ಮನೆಯ ಫ್ಯೂಸಿನ ವಿಷಯವೂ ಹೀಗೆಯೇ. ಫ್ಯೂಸು ಹೋಯಿತೆಂದು ದಪ್ಪ ತಂತಿ ಕಟ್ಟುವವರನ್ನು ನೀವು ನೋಡಿರಬಹುದು. ಅವರು ಜಗಳ ಬಿಡಿಸುವ ಬದಲು ಕೂಗಿದವನ ಬಾಯಿ ಮುಚ್ಚುತ್ತಿದ್ದಾರೆ.

ಇನ್ನು ನನಗೆ ಬಹಳ ಪ್ರಿಯವಾದ ಭಾಗಕ್ಕೆ ಬರೋಣ. ಬೋರ್ಡಿನ ಮೇಲೆ ಪುಟ್ಟ ಡಬ್ಬಿಗಳಂತೆ ನಿಂತಿರುತ್ತವಲ್ಲ, ಅವು ಧಾರಕಗಳು. ಅಂಗಡಿಯಲ್ಲಿ ಕಂಡೆನ್ಸರ್ ಎಂದರೆ ತಕ್ಷಣ ತಿಳಿಯುತ್ತದೆ. ಧಾರಕ ಮಾಡುವ ಕೆಲಸ ನಿಮ್ಮ ಮನೆಯ ನೀರಿನ ತೊಟ್ಟಿಯದು. ನಲ್ಲಿಯಲ್ಲಿ ನೀರು ಬಿಟ್ಟು ಬಿಟ್ಟು ಬಂದರೂ ತೊಟ್ಟಿಯ ಕೊಳಾಯಿಯಲ್ಲಿ ಒಂದೇ ಸಮನೆ ಬರುತ್ತದೆ. ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತದೆ. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ ಸೆಕೆಂಡಿಗೆ 100 ಸಲ ಏರಿಳಿಯುವ ವಿದ್ಯುತ್ತು ಸಿಗುತ್ತದೆ. ಈ ಏರಿಳಿತವನ್ನು ಧಾರಕ ಸಮತಟ್ಟು ಮಾಡುತ್ತದೆ. ಅದು ಸೊರಗಿದರೆ ಆ ನೂರರ ಏರಿಳಿತ ಸ್ಪೀಕರಿನಲ್ಲಿ 'ಗುಂಯ್' ಎಂದು ಕೇಳುತ್ತದೆ. ಕರೆಂಟಿನಲ್ಲಿ ಹಾಕಿದಾಗ ಗುಂಯ್ ಎನ್ನುವ ರೇಡಿಯೊ ಸೆಲ್ಲಿನಲ್ಲಿ ಸುಮ್ಮನೆ ಹಾಡಿದರೆ ದೋಷ ಎಲ್ಲಿರಬಹುದು? ನೀವೇ ಹೇಳಿ.

ಡಬ್ಬಿಯ ಒಳಗೆ ಏನಿದೆ? ಎರಡು ತೆಳುವಾದ ಅಲ್ಯೂಮಿನಿಯಮ್ ಹಾಳೆ, ನಡುವೆ ಒಂದು ವಿಶೇಷ ದ್ರವದಲ್ಲಿ ನೆನೆಸಿದ ಕಾಗದ. ಎಲ್ಲವನ್ನೂ ಚಾಪೆಯಂತೆ ಸುರುಳಿ ಸುತ್ತಿ, ಕೆಳಗೆ ರಬ್ಬರಿನ ಬಿರಡೆ ಹಾಕಿ ಮುಚ್ಚಿರುತ್ತಾರೆ. ಒಂದು ಹಾಳೆಯ ಮೇಲೆ ಅಲ್ಯೂಮಿನಿಯಮ್ ಆಕ್ಸೈಡಿನ ಅತಿ ತೆಳು ಪದರವಿರುತ್ತದೆ. ಅದೇ ನಿಜವಾದ ಗೋಡೆ. ಕಾಲಕ್ರಮದಲ್ಲಿ ದ್ರವ ಬಿರಡೆಯ ಮೂಲಕ ನಿಧಾನವಾಗಿ ಆರುತ್ತದೆ, ತೊಟ್ಟಿ ಚಿಕ್ಕದಾಗುತ್ತದೆ. ಕೆಲವೊಮ್ಮೆ ಒಳಗೆ ಅನಿಲ ಹುಟ್ಟಿ ಡಬ್ಬಿಯ ನೆತ್ತಿ ಉಬ್ಬುತ್ತದೆ. ನೆತ್ತಿಯ ಮೇಲೆ ಅಡ್ಡಡ್ಡ ಗೀರು ಎಳೆದಿರುವುದನ್ನು ಗಮನಿಸಿದ್ದೀರಾ? ಒತ್ತಡ ಹೆಚ್ಚಾದಾಗ ಡಬ್ಬಿ ಸಿಡಿಯದೆ ಅಲ್ಲೇ ಮೆಲ್ಲಗೆ ಬಾಯಿ ಬಿಡಲೆಂದು ಬೇಕೆಂದೇ ಆ ಜಾಗವನ್ನು ದುರ್ಬಲ ಮಾಡಿರುತ್ತಾರೆ. ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದಂತೆ. ನೆತ್ತಿ ಉಬ್ಬಿದ, ಕಂದು ಅಂಟು ಒಸರಿದ ಡಬ್ಬಿ ಕಂಡರೆ ಅದು ಮುಗಿಯಿತೆಂದೇ ತಿಳಿಯಿರಿ. ನೆತ್ತಿ ಚಪ್ಪಟೆಯಾಗಿದ್ದ ಮಾತ್ರಕ್ಕೆ ಚೆನ್ನಾಗಿದೆ ಎನ್ನುವಂತಿಲ್ಲ. ಅದಕ್ಕೆ ಮೀಟರ್ ಬೇಕು.

2000ದ ಆಸುಪಾಸಿನ ವರ್ಷಗಳಲ್ಲಿ ಪ್ರಪಂಚದಾದ್ಯಂತ ಅಸಂಖ್ಯ ಕಂಪ್ಯೂಟರುಗಳು ಇದೇ ಕಾರಣಕ್ಕೆ ಅಕಾಲದಲ್ಲಿ ಸತ್ತವು. ಧಾರಕದ ದ್ರವದಲ್ಲಿ ಅಲ್ಯೂಮಿನಿಯಮ್ಮನ್ನು ನೀರಿನಿಂದ ಕಾಪಾಡುವ ವಸ್ತು ಸರಿಯಾಗಿ ಬೆರೆತಿರಲಿಲ್ಲ, ಹೈಡ್ರೊಜನ್ ಹುಟ್ಟಿ ಡಬ್ಬಿಗಳು ಉಬ್ಬಿದವು ಎಂದು ಆಗ ವರದಿಯಾಯಿತು. ಕೆಲವೇ ರೂಪಾಯಿಯ ಡಬ್ಬಿಗಳು ಸಾವಿರಾರು ರೂಪಾಯಿಯ ಯಂತ್ರಗಳನ್ನು ನಿಲ್ಲಿಸಿಬಿಟ್ಟವು! ಅವುಗಳಲ್ಲಿ ಎಷ್ಟನ್ನು ಡಬ್ಬಿ ಬದಲಿಸಿ ಉಳಿಸಬಹುದಿತ್ತೋ.

ಈಗ ಒಂದು ಲೆಕ್ಕ. ಧಾರಕದ ಮೇಲೆ 105 ಡಿಗ್ರಿ ಎಂದು ಬರೆದಿರುತ್ತದೆ. ಸಾಮಾನ್ಯ ಬಗೆಯ ಒಂದು ಧಾರಕ ಅಷ್ಟು ಶಾಖದಲ್ಲಿ 2000 ಗಂಟೆ ಬಾಳುತ್ತದೆ ಎಂದುಕೊಳ್ಳೋಣ. ಶಾಖ 10 ಡಿಗ್ರಿ ಕಡಿಮೆಯಾದರೆ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ನಿಯಮ. 95ರಲ್ಲಿ 4000, 85ರಲ್ಲಿ 8000, 75ರಲ್ಲಿ 16000, 65ರಲ್ಲಿ 32000 ಗಂಟೆ. ನಿಮ್ಮ ಮನೆಯ ಸೆಟ್ ಟಾಪ್ ಬಾಕ್ಸನ್ನು ಹಗಲು ರಾತ್ರಿ ಆರಿಸುವುದೇ ಇಲ್ಲ, ಒಳಗಿನ ಶಾಖ 65 ಡಿಗ್ರಿ ಎನ್ನಿ. 32000ವನ್ನು 24ರಿಂದ ಭಾಗಿಸಿ. ಸುಮಾರು 1333 ದಿನ, ಮೂರೂವರೆ ವರ್ಷಕ್ಕಿಂತ ಸ್ವಲ್ಪ ಹೆಚ್ಚು. ಅಂದವಾಗಿ ಕಾಣಲೆಂದು ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿ, ಗಾಳಿ ಕಿಂಡಿ ಮುಚ್ಚಿ, ಶಾಖ 85ಕ್ಕೆ ಏರಿದರೆ? 8000 ಗಂಟೆ, ಒಂದು ವರ್ಷವೂ ಇಲ್ಲ. ದಿನಕ್ಕೆ ಐದೇ ಗಂಟೆ ಹಾಕಿ, ಬಟ್ಟೆ ತೆಗೆದರೆ ಎಷ್ಟು ವರ್ಷ ಎಂಬುದನ್ನು ನೀವೇ ಲೆಕ್ಕ ಮಾಡಿ, ಅಜ್ಜಿಗೆ ತೋರಿಸಿ. ಅಜ್ಜಿ ಬಟ್ಟೆ ತೆಗೆಯುತ್ತಾರೆಂದು ನಾನು ಭರವಸೆ ಕೊಡಲಾರೆ.

ಬೆಸುಗೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹಳೆಯ ಬೋರ್ಡುಗಳ ಬೆಸುಗೆ ತವರ ಮತ್ತು ಸೀಸದ ಮಿಶ್ರಲೋಹ. ತವರ 63, ಸೀಸ 37 ಭಾಗ ಇದ್ದರೆ ಅದು 183 ಡಿಗ್ರಿಗೆ ಕರಗುತ್ತದೆ. ಸೀಸ ವಿಷಕಾರಿ. ಆದ್ದರಿಂದ ಯುರೋಪಿನ ದೇಶಗಳು 2006ರ ಜುಲೈಯಿಂದ ಇಂಥ ಉಪಕರಣಗಳಲ್ಲಿ ಅದರ ಬಳಕೆಯನ್ನು ನಿರ್ಬಂಧಿಸಿದವು. ಉಪಕರಣ ಬಿಸಿಯಾಗಿ ತಣ್ಣಗಾದಂತೆಲ್ಲ ತಂತಿ, ಬೋರ್ಡು, ಬೆಸುಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ಸಾವಿರಾರು ಸಲ ಹೀಗಾದಾಗ ಬೆಸುಗೆ ಬಿರುಕು ಬಿಡುತ್ತದೆ. 'ತಟ್ಟಿದರೆ ಬರುತ್ತದೆ' ಎಂಬ ಎಲ್ಲ ಉಪಕರಣಗಳಲ್ಲೂ ಮೊದಲು ಈ ಉಂಗುರವನ್ನು ಹುಡುಕಿ. ಆ ಹುಡುಗಿ ಹುಡುಕಿದಂತೆ.

ಇಷ್ಟು ಹೇಳಿದ ಮೇಲೆ ಗಟ್ಟಿಯಾಗಿ ಹೇಳಬೇಕಾದ ಮಾತೊಂದಿದೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಯಾವ ವಸ್ತುವನ್ನೂ ನೀವು ಬಿಚ್ಚಕೂಡದು. ಪ್ಲಗ್ ತೆಗೆದಿದ್ದರೂ ಕೂಡದು. ಟಿ.ವಿ., ಮಿಕ್ಸಿ, ಮೊಬೈಲ್ ಚಾರ್ಜರ್, ಎಲ್.ಇ.ಡಿ. ಬಲ್ಬು, ಯಾವುದೂ ಬೇಡ. ಮನೆಯ 230 ವೋಲ್ಟ್ ಒಳಗಿನ ಧಾರಕದಲ್ಲಿ ಸುಮಾರು 325 ವೋಲ್ಟ್ ಆಗಿ ತುಂಬಿಕೊಳ್ಳುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಹಳೆಯ ದಪ್ಪ ಟಿ.ವಿ.ಯ ಚಿತ್ರನಳಿಕೆಯಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ತೊಟ್ಟಿಯ ಹೋಲಿಕೆ ನೆನಪಿದೆಯಲ್ಲ? ನಲ್ಲಿ ನಿಂತ ಮೇಲೂ ತೊಟ್ಟಿಯಲ್ಲಿ ನೀರಿರುತ್ತದೆ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚಬೇಡಿ, ಒತ್ತಬೇಡಿ, ಚಾರ್ಜ್ ಮಾಡಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ. ನೇರವಾಗಿ ದೊಡ್ಡವರಿಗೆ ಹೇಳಿ. ಕಾದ ಐರನ್ ಕೂಡ ದೊಡ್ಡವರ ಕೈಯಲ್ಲೇ ಇರಲಿ. ಹಳೆಯ ಬೋರ್ಡು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಊಟಕ್ಕೆ ಕೂರಬೇಡಿ.

ಹಾಗಾದರೆ ನಮಗೆ ಉಳಿದದ್ದೇನು ಎನ್ನುತ್ತೀರಾ? ಬಹಳ ಇದೆ. ಟಾರ್ಚು, ಗೋಡೆ ಗಡಿಯಾರ, ಆಟಿಕೆ ಕಾರು, ಸೆಲ್ಲಿನ ರೇಡಿಯೊ, ಹಳೆಯ ರಿಮೋಟು. ಶಿಕ್ಷಕರ ಎದುರಿಗೆ, ಸೆಲ್ ತೆಗೆದು, ಬಿಚ್ಚಿ ನೋಡಿ. ಪರೀಕ್ಷಿಸಲು ಸಾಧನವನ್ನೂ ನೀವೇ ಮಾಡಿಕೊಳ್ಳಬಹುದು. ಎರಡು ಸೆಲ್, ಒಂದು ಕೆಂಪು ಎಲ್.ಇ.ಡಿ., ಕಂದು-ಕಪ್ಪು-ಕಂದು ಪಟ್ಟೆಯ ಒಂದು ರೋಧಕ, ಎರಡು ತಂತಿ. ಎಲ್ಲವನ್ನೂ ಸರಣಿಯಲ್ಲಿ ಜೋಡಿಸಿ. ಪಟ್ಟೆ ಓದಿದಿರಾ? 100 ಓಮ್. ತಂತಿಯ ತುದಿಗಳನ್ನು ಒಂದು ಸ್ವಿಚ್ಚಿನ ಎರಡು ಕಡೆಗೆ ಮುಟ್ಟಿಸಿದರೆ, ಒಳಗೆ ದಾರಿ ಇದ್ದರೆ ದೀಪ ಹತ್ತುತ್ತದೆ, ಕಡಿದಿದ್ದರೆ ಇಲ್ಲ. ಇಲ್ಲಿ ಹರಿಯುವ ವಿದ್ಯುತ್ತು ಸುಮಾರು 10 ಮಿಲಿಆಂಪಿಯರ್ ಮಾತ್ರ. ಟಾರ್ಚ್ ಬಲ್ಬಿನಿಂದಲೂ ಮಾಡಬಹುದು, ಆದರೆ ಅದು ಹತ್ತಾರು ಪಟ್ಟು ಹೆಚ್ಚು ವಿದ್ಯುತ್ತು ಎಳೆಯುವುದರಿಂದ ಬೋರ್ಡಿನ ಸೂಕ್ಷ್ಮ ಭಾಗಗಳಿಗೆ ಒಳ್ಳೆಯದಲ್ಲ.

ಈ ಸಾಧನದಿಂದ ಡಯೋಡನ್ನೂ ಪರೀಕ್ಷಿಸಬಹುದು. ಬೋರ್ಡಿನಿಂದ ಬಿಡಿಸಿದ ಡಯೋಡನ್ನು ಹೀಗೊಮ್ಮೆ, ತಿರುಗಿಸಿ ಇನ್ನೊಮ್ಮೆ ಜೋಡಿಸಿ. ಒಂದು ದಿಕ್ಕಿನಲ್ಲಿ ಮಾತ್ರ ದೀಪ ಮಂಕಾಗಿ ಹತ್ತಬೇಕು. ಎರಡೂ ದಿಕ್ಕಿನಲ್ಲಿ ಹತ್ತಿದರೆ ಒಳಗೆ ಕೂಡಿಕೊಂಡಿದೆ, ಯಾವ ದಿಕ್ಕಿನಲ್ಲೂ ಹತ್ತದಿದ್ದರೆ ಕಡಿದಿದೆ.

ಎಲ್.ಇ.ಡಿ. ಬಲ್ಬು ಬಿಚ್ಚಬೇಡಿ ಎಂದೆ, ಆದರೆ ರಿಪೇರಿಯವರು ಬಿಚ್ಚಿದಾಗ ದೂರದಿಂದ ನೋಡಿ. ಒಳಗಿನ ಬಿಲ್ಲೆಯ ಮೇಲೆ ಹಲವು ಪುಟ್ಟ ಹಳದಿ ಚೌಕಗಳಿರುತ್ತವೆ. ಒಂದೊಂದೂ ಒಂದು ದೀಪ, ದೀಪಾವಳಿಯ ಸೀರಿಯಲ್ ಸೆಟ್ಟಿನಂತೆ ಸರಣಿಯಲ್ಲಿ ಕೂಡಿರುತ್ತವೆ. ಆದ್ದರಿಂದ ಒಂದು ಸತ್ತರೆ ಎಲ್ಲವೂ ಕತ್ತಲು. ಸತ್ತದ್ದರ ನಡುವೆ ಸಾಸಿವೆಯಂಥ ಕಪ್ಪು ಚುಕ್ಕೆ ಕಾಣುವುದುಂಟು. ಉಳಿದವೆಲ್ಲ ಚೆನ್ನಾಗಿದ್ದರೂ ಆ ಚುಕ್ಕೆಗಾಗಿ ಇಡೀ ಬಲ್ಬು ತಿಪ್ಪೆ ಸೇರುತ್ತದೆ.

ನನ್ನ ಮಾತನ್ನು ಒಪ್ಪದವರೂ ಇದ್ದಾರೆ. ಅವರ ಮಾತನ್ನೂ ಕೇಳಬೇಕು. "ಮಕ್ಕಳ ಕೈಗೆ ಕೊಟ್ಟರೆ ಹಾಳು ಮಾಡುತ್ತಾರೆ" ಎನ್ನುತ್ತಾರೆ ಕೆಲವು ಶಿಕ್ಷಕರು. ಸ್ವಾಮಿ, ಅದು ಆಗಲೇ ಹಾಳಾಗಿದೆ! ಇನ್ನೇನು ಹಾಳಾಗಬೇಕು? "ಅಪಾಯ" ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ಮೇಲಿನ ಗೆರೆ ಎಳೆದಿದ್ದೇನೆ. "ಹೊಸದೇ ಅಗ್ಗ, ರಿಪೇರಿ ಯಾಕೆ?" ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ನಿಜ, ಎಷ್ಟೋ ಸಲ ರಿಪೇರಿಯ ಕೂಲಿಗಿಂತ ಹೊಸ ವಸ್ತುವಿನ ಬೆಲೆ ಕಡಿಮೆ. ನಾನೂ ಹೊಸದನ್ನು ಕೊಂಡಿದ್ದೇನೆ. ಎಲ್ಲವನ್ನೂ ರಿಪೇರಿ ಮಾಡಲೂ ಆಗುವುದಿಲ್ಲ. ಅಕ್ಕಿಕಾಳಿಗಿಂತ ಚಿಕ್ಕ ಭಾಗಗಳಿರುವ ಮೊಬೈಲ್ ಬೋರ್ಡನ್ನು ಕಂಡು ನಾನೇ ಕೈಮುಗಿಯುತ್ತೇನೆ.

ಆದರೆ ಆ ಅಗ್ಗದ ಬೆಲೆಯಲ್ಲಿ ಒಂದು ಲೆಕ್ಕ ಸೇರಿಲ್ಲ. 2022ರಲ್ಲಿ ಜಗತ್ತಿನಲ್ಲಿ ಉಂಟಾದ ವಿದ್ಯುನ್ಮಾನ ಕಸ 6.2 ಕೋಟಿ ಟನ್ ಎಂದು ವಿಶ್ವಸಂಸ್ಥೆಯ ಅಂಗಗಳು 2024ರಲ್ಲಿ ಹೊರತಂದ ವರದಿ ಹೇಳುತ್ತದೆ. ಅದರಲ್ಲಿ ಲೆಕ್ಕಕ್ಕೆ ಸಿಕ್ಕಿ ಸರಿಯಾದ ಕ್ರಮದಲ್ಲಿ ಮರುಬಳಕೆಗೆ ಹೋದದ್ದು ನೂರಕ್ಕೆ 22.3 ಮಾತ್ರ. ತಾಮ್ರಕ್ಕಾಗಿ ತಂತಿಯನ್ನು ಬಯಲಿನಲ್ಲಿ ಸುಡುವ ಹೊಗೆಯನ್ನು ಉಸಿರಾಡುವವರಲ್ಲಿ ನಿಮ್ಮ ವಯಸ್ಸಿನ ಮಕ್ಕಳೂ ಇದ್ದಾರೆ. ಅವರ ಕೆಮ್ಮಿನ ಖರ್ಚು ಹೊಸ ವಸ್ತುವಿನ ಬಿಲ್ಲಿನಲ್ಲಿ ಇರುವುದಿಲ್ಲ.

ನನಗೆ ಹೆಚ್ಚು ಸಿಟ್ಟು ತರಿಸುವುದು ಬಿಚ್ಚಲಾಗದಂತೆ ಮಾಡಿದ ವಸ್ತುಗಳು. ತಿರುಪಿನ ಜಾಗದಲ್ಲಿ ಅಂಟು, ತೆಗೆಯಲಾಗದ ಬ್ಯಾಟರಿ, ಮಾಮೂಲಿ ಸ್ಕ್ರೂಡ್ರೈವರಿಗೆ ಒಗ್ಗದ ವಿಚಿತ್ರ ತಲೆಯ ತಿರುಪು. ದುಡ್ಡು ಕೊಟ್ಟು ಕೊಂಡ ಮೇಲೆ ಅದು ನನ್ನದು, ನನ್ನ ವಸ್ತುವಿನ ಒಳಗನ್ನು ನಾನು ನೋಡಕೂಡದೆ? ಇದನ್ನು ಕೇಳುವವರು ಈಗ ಅನೇಕರಿದ್ದಾರೆ. ಫ್ರಾನ್ಸಿನಲ್ಲಿ 2021ರಿಂದ ಮೊಬೈಲ್, ಟಿ.ವಿ. ಮುಂತಾದ ಕೆಲವು ವಸ್ತುಗಳ ಮೇಲೆ ಅವನ್ನು ರಿಪೇರಿ ಮಾಡುವುದು ಎಷ್ಟು ಸುಲಭ ಎಂಬುದಕ್ಕೆ ಹತ್ತರಲ್ಲಿ ಇಷ್ಟು ಎಂದು ಅಂಕ ನಮೂದಿಸಬೇಕಾಯಿತು. ನಿಮಗೆ ಮಾತ್ರವಲ್ಲ, ಟಿ.ವಿ.ಗಳಿಗೂ ಅಂಕಪಟ್ಟಿ! ನಮ್ಮ ದೇಶದಲ್ಲಿ 2022ರ ಡಿಸೆಂಬರ್ 24ರಂದು ಕೇಂದ್ರ ಸರ್ಕಾರ ದುರಸ್ತಿ ಹಕ್ಕಿನ ಪೋರ್ಟಲ್ ಆರಂಭಿಸಿತು. ಯುರೋಪಿಯನ್ ಒಕ್ಕೂಟ 2024ರಲ್ಲಿ ದುರಸ್ತಿಯ ಹಕ್ಕಿಗೆ ಕಾನೂನನ್ನೇ ಒಪ್ಪಿತು.

ಹಕ್ಕು ಬಂದರೆ ಸಾಲದು, ಬಿಚ್ಚಲು ಬಲ್ಲ ಕೈಗಳೂ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆಗೆ ಎಂದಾದರೂ ಹೋದರೆ ನೋಡಿ. ಸಾಲು ಸಾಲು ಅಂಗಡಿಗಳಲ್ಲಿ ಡಬ್ಬಿ ತುಂಬ ರೋಧಕ, ಧಾರಕ, ಡಯೋಡುಗಳನ್ನು ಮಾರುತ್ತಾರೆ. ನಮ್ಮ ಊರುಗಳ ರಿಪೇರಿಯವರು ಬೇಕಾದ ಭಾಗಕ್ಕಾಗಿ ಬಸ್ ಹತ್ತಿ ಅಲ್ಲಿಗೆ ಹೋಗುವುದುಂಟು. ಆದರೆ ನನಗೆ ಕಲಿಸಿದವರ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಅವರ ಮಗ ರಿಪೇರಿ ಕಲಿಯಲಿಲ್ಲ. "ಇದಕ್ಕೆ ಮರ್ಯಾದೆ ಇಲ್ಲ ಸಾರ್" ಎಂದರು ಅವರು. ಹತ್ತರಲ್ಲಿ ಎರಡು ಅಂಕ ಕೊಟ್ಟವನು ನಾನು, ಏನು ಉತ್ತರ ಹೇಳಲಿ?

ರೇಡಿಯೊ ನಮ್ಮ ನಾಡಿಗೆ ಪರಕೀಯ ವಸ್ತುವೂ ಅಲ್ಲ. 'ಆಕಾಶವಾಣಿ' ಎಂಬ ಹೆಸರೇ ಮೈಸೂರಿನದು. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ಆರಂಭಿಸಿದ ಬಾನುಲಿ ಕೇಂದ್ರದ ಹೆಸರು ಅದು. ಅವರದು ಭೌತವಿಜ್ಞಾನವೂ ಅಲ್ಲ, ಗಮನಿಸಿ.

ಪ್ರದರ್ಶನಕ್ಕೆ ನಾನು ಒಂದು ಹೊಸ ವಿಭಾಗವನ್ನು ಸೂಚಿಸಿ ಬರೆದಿದ್ದೇನೆ. ಹೆಸರು 'ಕೆಟ್ಟದ್ದು ಏಕೆ?' ಎಂದು. ಏನು ಗಮನಿಸಿದಿರಿ ಎಂಬುದಕ್ಕೆ ಹತ್ತು ಅಂಕ, ಏನು ಊಹಿಸಿದಿರಿ ಎಂಬುದಕ್ಕೆ ಹತ್ತು, ಹೇಗೆ ಪರೀಕ್ಷಿಸಿದಿರಿ ಎಂಬುದಕ್ಕೆ ಹತ್ತು. ವಸ್ತು ಸರಿಯಾಯಿತೇ ಎಂಬುದಕ್ಕೆ ಕೊನೆಯ ಐದು ಮಾತ್ರ. ತಪ್ಪಾದ ಊಹೆಯನ್ನು ಬರೆದಿದ್ದರೆ ಅಂಕ ಕಳೆಯುವಂತಿಲ್ಲ, ಬರೆಯದೆ ಮುಚ್ಚಿಟ್ಟಿದ್ದರೆ ಕಳೆಯಬೇಕು. ಬೆಸುಗೆಯನ್ನು ಅಂಗಡಿಯವರು ಹಾಕಿದ್ದರೆ ಅವರ ಹೆಸರನ್ನೂ ಫಲಕದಲ್ಲಿ ಬರೆಯಬೇಕು. ಇದಕ್ಕೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಇದು ಮಾದರಿ ಎಂಬ ಪದದ ಅರ್ಥಕ್ಕೆ ಬರುವುದಿಲ್ಲ ಎಂದು ಒಬ್ಬ ಹಿರಿಯರು ಹೇಳಿದ್ದಾರೆ. ಮತ್ತೆ ಬರೆಯುತ್ತೇನೆ.

ಅಲ್ಲಿಯವರೆಗೆ ನಿಮ್ಮ ವಿಜ್ಞಾನ ಶಿಕ್ಷಕರನ್ನು ಕೇಳಿ ಶಾಲೆಯ ಮೂಲೆಯಲ್ಲಿ ಒಂದು ಮೇಜು ಗೊತ್ತು ಮಾಡಿಕೊಳ್ಳಿ. ಮೇಜಿನ ಮೇಲೆ ಒಂದು ಭೂತಗನ್ನಡಿ, ಒಂದು ಸ್ಕ್ರೂಡ್ರೈವರ್, ತಿರುಪುಗಳನ್ನು ಹಾಕಿಡಲು ಒಂದು ಡಬ್ಬಿ, ಒಂದು ನೋಟ್ ಪುಸ್ತಕ ಸಾಕು. ಬಿಚ್ಚುವ ಮೊದಲು ಯಾವ ತಂತಿ ಎಲ್ಲಿತ್ತು ಎಂದು ಚಿತ್ರ ಬರೆದುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ. ಮೊದಲನೆಯದಾಗಿ ನಿಂತುಹೋದ ಒಂದು ಗೋಡೆ ಗಡಿಯಾರ ತನ್ನಿ. ಮತ್ತು ಸೆಲ್ ತೆಗೆದಿಡುವುದನ್ನು ಮರೆಯಬೇಡಿ.